ಮುಖಕ್ಕಿಂತ ಮೊದಲು ಉಸಿರು, ಕಿವಿ

ಗರ್ಭಿಣಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದರೆ ಮಗುವಿನ ಮುಖ ಊನವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅದರ ಅಪವಾದವೆಲ್ಲ ಬರುವುದು ತಾಯಿಯ ತಲೆಗೆ. ಇಂಥ ಊನಗಳಲ್ಲಿ ಒಂದರ ನಿಜವಾದ ಕಾರಣ ತಿಳಿಯಲು ವೈದ್ಯಲೋಕಕ್ಕೆ ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು.

ಎಡ್ವರ್ಡ್ ಟ್ರೀಚರ್ ಕಾಲಿನ್ಸ್ ಲಂಡನ್ನಿನ ನೇತ್ರತಜ್ಞರು. ಕೆಳರೆಪ್ಪೆ ಕಚ್ಚಾಗಿದ್ದ, ಕೆನ್ನೆಯ ಮೂಳೆ ಬೆಳೆಯದಿದ್ದ ಇಬ್ಬರನ್ನು ಕುರಿತು ಅವರು 1900ರಲ್ಲಿ ಬರೆದರು. ಆ ಸ್ಥಿತಿಗೆ ‘ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್’ ಎಂಬ ಹೆಸರೇ ನಿಂತಿತು. ಸುಮಾರು 50,000 ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ದವಡೆ, ಕಿವಿಗಳ ದೋಷವನ್ನೂ ಸೇರಿಸಿ ಇದರ ಪೂರ್ಣ ಚಿತ್ರ ಕೊಟ್ಟವರು ಫ್ರಾನ್ಸೆಶೆಟ್ಟಿ ಮತ್ತು ಕ್ಲೈನ್, ಅದು 1949ರಲ್ಲಿ.

ಇದಕ್ಕೆ ಕಾರಣವಾದ ಮುಖ್ಯ ವಂಶವಾಹಿ ಐದನೇ ವರ್ಣತಂತುವಿನಲ್ಲಿ ಪತ್ತೆಯಾದದ್ದು 1996ರಲ್ಲಿ. ಸಾಮಾನ್ಯವಾಗಿ, ತಂದೆ ಅಥವಾ ತಾಯಿಗೆ ಈ ಸ್ಥಿತಿ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆತನದಲ್ಲಿ ಇದು ಹಿಂದೆಂದೂ ಇರುವುದಿಲ್ಲ. ವಂಶವಾಹಿಯಲ್ಲಿ ಹೊಸದಾಗಿ ಆದ ಬದಲಾವಣೆ ಅದು. ಗ್ರಹಣದ ಪಾತ್ರ ಇದರಲ್ಲಿಲ್ಲ, ತಾಯಿಯ ತಪ್ಪೂ ಇಲ್ಲ.

ನೋಡುವವರ ಕಣ್ಣು ಮುಖದ ಮೇಲೆ ನಿಲ್ಲುತ್ತದೆ. ಆರೈಕೆ ಮಾತ್ರ ಉಸಿರಿನಿಂದ ಶುರುವಾಗಬೇಕು. ದವಡೆ ಚಿಕ್ಕದಾದ್ದರಿಂದ ನಾಲಿಗೆ ಹಿಂದಕ್ಕೆ ಜಾರಿ ಉಸಿರಾಟಕ್ಕೆ ಅಡ್ಡಿಯಾಗಬಹುದು. ಕೆಲವು ಶಿಶುಗಳಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಡಬೇಕಾಗುತ್ತದೆ. ಹಾಲು ಕುಡಿಯುವುದೂ ಕಷ್ಟ. ಕೆಲವಕ್ಕೆ ಮೂಗಿನ ನಳಿಕೆಯಿಂದ ಉಣಿಸಬೇಕು.

ಅನಂತರದ ಸರದಿ ಕಿವಿಯದು. ಸುಮಾರು ಅರ್ಧದಷ್ಟು ಮಕ್ಕಳಿಗೆ ಶ್ರವಣದೋಷವಿರುತ್ತದೆ. ದೋಷ ಹೆಚ್ಚಾಗಿ ಹೊರಕಿವಿ, ನಡುಕಿವಿಗಳಲ್ಲಿ. ಒಳಕಿವಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಹಾಗಾಗಿ ತಲೆಬುರುಡೆಯ ಮೂಳೆಯ ಮೂಲಕ ಸದ್ದು ಮುಟ್ಟಿಸುವ ಸಾಧನ ಉಪಯುಕ್ತ. ಸ್ವೀಡನ್ನಿನಲ್ಲಿ 1977ರಲ್ಲಿ ಮೂಳೆಗೆ ಟೈಟೇನಿಯಂ ತಿರುಪು ಕೂರಿಸಿ ಇಂಥ ಸಾಧನ ಜೋಡಿಸಿದರು. ಎಳೆಯ ಮಕ್ಕಳಿಗೆ ಶಸ್ತ್ರಕ್ರಿಯೆಯಿಲ್ಲದೆ ತಲೆಪಟ್ಟಿಯಲ್ಲೇ ಅದನ್ನು ತೊಡಿಸಬಹುದು. ಶಿಶುವಿನ ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ.

ಮುಖದ ಶಸ್ತ್ರಚಿಕಿತ್ಸೆಗೆ ಹೊಸ ದಾರಿ ತೆರೆದವರು ಫ್ರಾನ್ಸಿನ ಪಾಲ್ ಟೆಸಿಯೆ. ಆದರೆ ಕೆನ್ನೆಯ ಮೂಳೆ ಕಟ್ಟಲು ಮಗು ಬೆಳೆಯುವವರೆಗೆ, ಹೆಚ್ಚಾಗಿ ಐದಾರು ವರ್ಷವಾದರೂ, ಕಾಯಬೇಕು. ಮಾತು ಕಲಿಯುವ ವಯಸ್ಸು ಹಾಗೆ ಕಾಯುವುದಿಲ್ಲ. ಈ ಮಕ್ಕಳ ಬುದ್ಧಿ ಬಹುಪಾಲು ಎಲ್ಲರಂತೆಯೇ ಇರುತ್ತದೆ. ಕೇಳಿಸದೆ ಮಾತು ತಡವಾದ ಮಗುವಿಗೆ ‘ಮಂದಬುದ್ಧಿ’ ಎಂಬ ಹಣೆಪಟ್ಟಿ ಹಚ್ಚುವುದು, ಹುಟ್ಟಿನಿಂದ ಬಂದ ತೊಂದರೆಗೆ ನಾವು ಸೇರಿಸುವ ಇನ್ನೊಂದು ತೊಂದರೆ.