ಗೇಣೆತ್ತರದ ಚಳಿ, ಕಣಿವೆ ತುಂಬ ಮಂಜು

ಜನವರಿಯ ಬೆಳಗಿನಲ್ಲಿ ಪುಣೆಗೆ ಒಂದೇ ತಾಪಮಾನ ಇರುವುದಿಲ್ಲ. ಪಾಷಾಣ್, ಶಿವಾಜಿನಗರಗಳಲ್ಲಿ ಪಾದರಸ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದಿದ್ದರೂ ಅದೇ ಊರಿನ ಮಗರಪಟ್ಟಾ, ವಡಗಾಂವ್ ಶೇರಿಗಳಲ್ಲಿ ಅದಕ್ಕಿಂತ ಹಲವು ಡಿಗ್ರಿ ಮೇಲೆಯೇ ನಿಂತಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಈ ಊರನ್ನು ಮುಳಾ, ಮುಠಾ ನದಿಗಳೂ ಅವುಗಳ ನಡುವಿನ ಗುಡ್ಡಗಳೂ ಚಿಕ್ಕ ದೊಡ್ಡ ತಗ್ಗುಗಳಾಗಿ ಒಡೆದಿವೆ. ಸೂರ್ಯ ಮುಳುಗಿದ ಮೇಲೆ ಇಳಿಜಾರಿನ ನೆಲ ತಣಿಯುತ್ತದೆ, ಅದಕ್ಕೆ ತಾಗಿದ ಗಾಳಿ ತಣಿದು ಭಾರವಾಗುತ್ತದೆ, ಹೊಲಕ್ಕೆ ಹಾಯಿಸಿದ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಇಳಿಯುತ್ತದೆ. ಕಾಂಕ್ರೀಟು ಹೊದ್ದ ಬಡಾವಣೆಗಳು ಹಗಲಿನ ಕಾವನ್ನು ಇರುಳಿಗೂ ಉಳಿಸಿಕೊಳ್ಳುತ್ತವೆ. ತೋಟ, ಬಯಲು, ಹೊಳೆದಂಡೆ ಉಳಿದಿರುವಲ್ಲಿ ತಣ್ಣನೆಯ ಗಾಳಿ ಮಡುಗಟ್ಟುತ್ತದೆ. ನಸುಕಿನ ಮಂಜು ಮೊದಲು ಬೀಳುವುದು ಇಂಥ ಜಾಗಗಳಲ್ಲೇ.

ಇದರ ಹಿಂದಿನ ಲೆಕ್ಕ ಸರಳ. 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಹಿಡಿಯಲಾಗದೆ ಉಳಿದದ್ದು ಹನಿಯಾಗಬೇಕು. ಆ ಹನಿ ಹುಲ್ಲಿನ ಮೇಲೆ ಕೂತರೆ ಇಬ್ಬನಿ. ಗಾಳಿಯಲ್ಲೇ ತೇಲುತ್ತ ಒಂದು ಕಿಲೋಮೀಟರಿನಾಚೆಯದು ಕಾಣದಂತೆ ಮಾಡಿದರೆ ಅದನ್ನು ಹವಾಮಾನ ಶಾಸ್ತ್ರ ಮಂಜು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಾಳಿ ತಣಿಯುವುದು ಯಾವ ದಾರಿಯಲ್ಲಿ, ಹನಿಯಾಗಲು ಆವಿಗೆ ಆಸರೆ ಯಾವುದು ಎಂಬ ಎರಡು ಪ್ರಶ್ನೆಗಳು ಮಾತ್ರ ಇನ್ನೂರು ವರ್ಷಗಳಿಂದ ವಿಜ್ಞಾನಿಗಳನ್ನು ದುಡಿಸಿಕೊಂಡಿವೆ.

1814ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇಬ್ಬನಿಯ ಮೇಲೆ ಬರೆದ ಪ್ರಬಂಧ ಮೊದಲ ಪ್ರಶ್ನೆಯ ಬಾಗಿಲು ತೆರೆಯಿತು. ತಿಳಿ ಆಕಾಶದ ಇರುಳಲ್ಲಿ ನೆಲ ತನ್ನ ಶಾಖವನ್ನು ಮೇಲಕ್ಕೆ ಸೂಸಿ ತಣಿಯುತ್ತದೆ, ತಂಪು ಅಲ್ಲಿಂದ ಗಾಳಿಗೆ ಹಬ್ಬುತ್ತದೆ ಎಂದು ಅವರು ತೋರಿಸಿದರು. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗಾಜಿನ ಪಾತ್ರೆಗಳಲ್ಲಿ. ಶೋಧಿಸಿದ ಗಾಳಿಯಲ್ಲಿ ಮಂಜು ಕಟ್ಟುವುದಿಲ್ಲ, ದೂಳಿದ್ದ ಗಾಳಿಯಲ್ಲಿ ತಟ್ಟನೆ ಕಟ್ಟುತ್ತದೆ ಎಂಬುದನ್ನು 1875ರಲ್ಲಿ ಫ್ರಾನ್ಸಿನ ಕೂಲಿಯೇ, 1880ರಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಪ್ರಯೋಗದಿಂದ ಕಂಡರು. ಮುಂದೆ ಸ್ವೀಡನ್ನಿನ ಹಿಲ್ಡಿಂಗ್ ಕೋಲರ್, ಉಪ್ಪಿನಂಥ ನೀರು ಹೀರುವ ಕಣದ ಮೇಲೆ ಹನಿ ಬೆಳೆಯುವ ಬಗೆಯನ್ನು ಗಣಿತಕ್ಕೆ ಒಗ್ಗಿಸಿದರು.

ಕಡಲ ಮಂಜಿನ ಅಧ್ಯಯನಕ್ಕೆ ಒತ್ತು ಬಂದದ್ದು ಒಂದು ದುರಂತದಿಂದ. 1912ರಲ್ಲಿ ಟೈಟಾನಿಕ್ ಮುಳುಗಿದ ಮರುವರ್ಷ, ಹಿಮಗಡ್ಡೆಗಳ ಮೇಲೆ ಕಣ್ಣಿಡಲು ಅಟ್ಲಾಂಟಿಕ್‌ಗೆ ಹೊರಟ ಸ್ಕೋಷಿಯಾ ಎಂಬ ಹಡಗಿನಲ್ಲಿ ತರುಣ ವಿಜ್ಞಾನಿ ಜಿ. ಐ. ಟೇಲರ್ ಇದ್ದರು. ನ್ಯೂಫೌಂಡ್‌ಲ್ಯಾಂಡ್ ಬಳಿ ಅವರು ಉಪಕರಣ ಕಟ್ಟಿದ ಗಾಳಿಪಟಗಳನ್ನು ಹಾರಿಸಿ ಅಳೆದರು. ಬೆಚ್ಚನೆಯ ತೇವದ ಗಾಳಿ ತಣ್ಣೀರಿನ ಮೇಲೆ ಸಾಗುವಾಗ ಅಡಿಯಿಂದ ತಣಿಯುತ್ತ ಬರುತ್ತದೆ, ಸುಳಿಗಳು ಆ ತಂಪನ್ನು ನಿಧಾನವಾಗಿ ಮೇಲಕ್ಕೆ ಒಯ್ಯುತ್ತವೆ ಎಂಬುದು ಅವರಿಗೆ ಸ್ಪಷ್ಟವಾಯಿತು. ಕಣಿವೆಯಲ್ಲಿ ಗಾಳಿ ನಿಂತಲ್ಲೇ ತಣಿಯುತ್ತದೆ, ಕರಾವಳಿಯಲ್ಲಿ ಚಲಿಸುತ್ತ ತಣಿಯುತ್ತದೆ.

ಹಾಗಾದರೆ ಮಂಗಳೂರು, ಕಾರವಾರಗಳ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಂಥ ಕಡಲ ಮಂಜು ಏಕಿಲ್ಲ? ನಮ್ಮ ತೀರದ ನೀರು ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಮೇಲೆ ಹಾಯುವ ಗಾಳಿಗೆ ತಣಿಯುವ ಅವಕಾಶವೇ ಇಲ್ಲ. ಅರಬ್ಬೀ ಸಮುದ್ರದ ಆಚೆ ದಡದಲ್ಲಿ, ಒಮಾನಿನ ಸಲಾಲಾದಲ್ಲಿ, ಕಥೆ ತಿರುಗುಮುರುಗು. ನಮಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿ ಮೇಲಿನ ನೀರನ್ನು ತೀರದಿಂದಾಚೆಗೆ ದೂಡುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧೋಫಾರ್ ಬೆಟ್ಟಗಳು ಮಂಜಿನಲ್ಲಿ ಮುಳುಗಿ ಹಸಿರಾಗುತ್ತವೆ. ಒಂದೇ ಮಾರುತ ಆಗುಂಬೆಯಲ್ಲಿ ಜಡಿಮಳೆ, ಸಲಾಲಾದಲ್ಲಿ ಮಂಜು. ಕಡಲ ನೀರಿನ ತಾಪಮಾನ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಖಂಡಾಲಾ ಘಾಟಿಯಲ್ಲಿ, ಮಡಿಕೇರಿಯಲ್ಲಿ ಮಳೆಗಾಲದಲ್ಲಿ ದಾರಿ ಮುಚ್ಚುವುದು ಮೂರನೆಯ ಬಗೆ: ಬೆಟ್ಟ ಏರುವ ಗಾಳಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಣಿದು ಮೋಡವಾಗುತ್ತದೆ, ಆ ಮೋಡವೇ ನೆಲ ಸವರುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ (ಐಐಟಿಎಂ) 2012ರಲ್ಲಿ ಮಹಾಬಳೇಶ್ವರದಲ್ಲಿ ಮೋಡದ ಅಧ್ಯಯನಕ್ಕೆ ಪ್ರಯೋಗಾಲಯ ತೆರೆದಾಗ ಈ ಅನುಕೂಲವನ್ನು ಬಳಸಿಕೊಂಡಿತು. ಅಲ್ಲಿ ಮೋಡದ ಹನಿ ಅಳೆಯಲು ವಿಮಾನ ಹತ್ತಬೇಕಿಲ್ಲ, ಮೋಡವೇ ಉಪಕರಣದ ಬಳಿಗೆ ಬರುತ್ತದೆ.

ಈ ಶಾಸ್ತ್ರಕ್ಕೆ ಪುಣೆಯ ಅತಿದೊಡ್ಡ ಕೊಡುಗೆ ಮಾತ್ರ ಬೆಟ್ಟದ ತುದಿಯದಲ್ಲ, ಬರಿ ನೆಲದ್ದು. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡ ಇಂದಿಗೂ ಜನರ ಬಾಯಲ್ಲಿ ಶಿಮ್ಲಾ ಆಫೀಸೇ. ಸಿ. ವಿ. ರಾಮನ್ ಅವರ ಶಿಷ್ಯ ಎಲ್. ಎ. ರಾಮದಾಸ್ 1932ರಲ್ಲಿ ಇಲ್ಲಿ ಕೃಷಿ ಹವಾಮಾನ ವಿಭಾಗದ ಹೊಣೆ ಹೊತ್ತರು. ಬೆಳೆಗೆ ತಾಗುವ ಚಳಿ ಬೆಳೆಯ ಎತ್ತರದಲ್ಲೇ ಅಳೆಯಬೇಕೆಂಬ ಹಟ ಅವರದು. ಅದೇ ವರ್ಷ ಅವರೂ ಆತ್ಮನಾಥನ್ ಅವರೂ ಪ್ರಕಟಿಸಿದ ಫಲಿತಾಂಶ ಪಠ್ಯಪುಸ್ತಕಕ್ಕೆ ವಿರುದ್ಧವಾಗಿತ್ತು. ಗಾಳಿಯಿಲ್ಲದ ತಿಳಿ ಇರುಳಲ್ಲಿ ಅತಿ ಹೆಚ್ಚು ಚಳಿ ಇರುವುದು ನೆಲಕ್ಕೆ ಅಂಟಿಕೊಂಡಲ್ಲ, ನೆಲದಿಂದ ಗೇಣು-ಮೊಳದಷ್ಟು ಮೇಲೆ!

ಯಾರೂ ನಂಬಲಿಲ್ಲ. ಅಡಿಯಲ್ಲಿ ಬೆಚ್ಚನೆಯ ಹಗುರ ಗಾಳಿ, ಮೇಲೆ ತಣ್ಣನೆಯ ಭಾರದ ಗಾಳಿ ಇದ್ದರೆ ಎರಡೂ ಕಲಸಿಹೋಗಬೇಕಲ್ಲ? ಉಪಕರಣದ ದೋಷವಿರಬಹುದು, ಎಲ್ಲಿಂದಲೋ ತಣ್ಣನೆಯ ಗಾಳಿ ಹರಿದು ಬಂದಿರಬಹುದು ಎಂದರು. 1950ರ ದಶಕದಲ್ಲಿ ಜರ್ಮನಿಯ ರಾಶ್ಕೆ ಪುಣೆಯ ಬರಿ ನೆಲದ ಮೇಲೆಯೇ ಸೂಕ್ಷ್ಮವಾಗಿ ಅಳೆದು 1957ರಲ್ಲಿ ರಾಮದಾಸ್ ಕಂಡದ್ದನ್ನು ದೃಢಪಡಿಸಿದರು. ಆ ತೆಳು ಪದರಕ್ಕೆ ಈಗ ರಾಮದಾಸ್ ಪದರ ಎಂದೇ ಹೆಸರು. ಕಾಲು ಶತಮಾನ ಅನುಮಾನವನ್ನು ಎದುರಿಸಿ ನಿಂತ ಈ ಕೆಲಸ ನಮ್ಮ ಶಾಲಾಪುಸ್ತಕಗಳಲ್ಲಿ ಒಂದು ಪುಟವಾದರೂ ಪಡೆಯಬೇಕಿತ್ತು.

ಕಾರಣದ ಹುಡುಕಾಟ ಪುಣೆಯಿಂದ ಬೆಂಗಳೂರಿಗೆ ಬಂತು. 1966ರಲ್ಲಿ ಜ್ಡುಂಕೋವ್‌ಸ್ಕಿ ಎಂಬವರು ನೆಲದ ಮೇಲಿನ ದೂಳು-ಮಬ್ಬಿನ ಪದರವೇ ಶಾಖ ಸೂಸಿ ತಣಿಯುತ್ತಿರಬಹುದೆಂದು ಊಹಿಸಿದ್ದರು. ಅದು ಹೆಚ್ಚು ಮನ್ನಣೆ ಪಡೆಯಲಿಲ್ಲ. 1993ರಲ್ಲಿ ವಾಸುದೇವ ಮೂರ್ತಿ, ಜೆ. ಶ್ರೀನಿವಾಸನ್, ರೊದ್ದಂ ನರಸಿಂಹ ಅವರು ನೀರಾವಿಯ ವಿಕಿರಣವನ್ನೇ ಆಧರಿಸಿ ಹೊಸ ಸಿದ್ಧಾಂತ ಮಂಡಿಸಿದರು. ಎರಡು ದಶಕಗಳ ಬಳಿಕ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ. ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ಆ ಲೆಕ್ಕದಲ್ಲಿನ ತೊಡಕನ್ನು ಗುರುತಿಸಿದರು. ಬಯಲಿನಲ್ಲೂ ಪ್ರಯೋಗಾಲಯದಲ್ಲೂ ಅಳೆದು, ಗಾಳಿಯಲ್ಲಿ ತೇಲುವ ಕಣಗಳೇ ಆ ಅತಿತಂಪಿಗೆ ಕಾರಣವೆಂದು ವಾದಿಸಿದರು. ಹಾಗಿದ್ದರೆ ಐಟ್ಕನ್ನರ ದೂಳಿಗೆ ಎರಡು ಪಾತ್ರ: ಅದು ಹನಿಗೆ ಆಸರೆಯಷ್ಟೇ ಅಲ್ಲ, ಗಾಳಿಯನ್ನು ತಣಿಸುವ ಕೆಲಸದಲ್ಲೂ ಪಾಲುದಾರ. ಚಳಿಗಾಲದ ನಸುಕಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ಕಾಡುವ ಮಂಜಿನ ಮುನ್ಸೂಚನೆಗೂ ಇದೇ ಕೇಂದ್ರ ಕೈಹಾಕಿದೆ.

ಇತ್ತ ಪುಣೆಯ ಐಐಟಿಎಂ 2015–16ರ ಚಳಿಗಾಲದಲ್ಲಿ ಹವಾಮಾನ ಇಲಾಖೆಯ ಜತೆಗೂಡಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ‘ವೈಫೆಕ್ಸ್’ ಎಂಬ ಮಂಜಿನ ಪ್ರಯೋಗ ಆರಂಭಿಸಿತು. ಮಣ್ಣಿನ ಶಾಖ, ವಿಕಿರಣ, ಗಾಳಿಯ ಸುಳಿ, ಕಣಗಳ ರಾಸಾಯನಿಕ ಗುಣ ಎಲ್ಲವನ್ನೂ ಒಟ್ಟಿಗೆ ಅಳೆಯುವ ಈ ಕೆಲಸ ಹತ್ತು ವರ್ಷ ದಾಟಿದೆ, ಜೇವರ್ ಮತ್ತು ಹಿಸಾರ್‌ಗಳಿಗೂ ಹಬ್ಬಿದೆ. ಅದರಿಂದ ಮೂಡಿದ ಮುನ್ಸೂಚನಾ ಮಾದರಿ ಮೂರು ಕಿಲೋಮೀಟರ್ ಅಂತರದ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ದೆಹಲಿಯ ಗಾಳಿಯಲ್ಲಿನ ಕ್ಲೋರೈಡು ಕಣಗಳನ್ನು ಹೆಚ್ಚು ನೀರು ಹೀರುವಂತೆ ಮಾಡಿ ಮಬ್ಬನ್ನು ದಟ್ಟಗೊಳಿಸುತ್ತದೆಂದು 2021ರಲ್ಲಿ ಮದ್ರಾಸ್ ಐಐಟಿಯ ಸಚಿನ್ ಗುಂಥೆ ಮತ್ತಿತರರು ತೋರಿಸಿದರು. ಪ್ಲಾಸ್ಟಿಕ್ ಮಿಶ್ರಿತ ಕಸ ಸುಡುವುದೂ ಅದರ ಮೂಲಗಳಲ್ಲೊಂದು.

ಪುಣೆಯಂಥ ಕಣಿವೆಗೆ ಮೂರು ಕಿಲೋಮೀಟರಿನ ಚೌಕವೂ ದೊಡ್ಡದೇ. ಅಷ್ಟರೊಳಗೆ ಮುಠಾ ನದಿ, ಎರಡು ದಂಡೆ, ಒಂದು ಗುಡ್ಡ ಎಲ್ಲವೂ ಅಡಗಿಬಿಡುತ್ತವೆ. ಅರ್ಧ ಡಿಗ್ರಿಯ ವ್ಯತ್ಯಾಸದಲ್ಲಿ ಮಂಜು ಬೀಳುತ್ತದೆ ಅಥವಾ ಬೀಳುವುದಿಲ್ಲ. ಹವಾಮಾನ ಕೇಂದ್ರಗಳ ಥರ್ಮಾಮೀಟರು ನೆಲದಿಂದ ಒಂದು ಮೀಟರಿಗೂ ಮೇಲೆ ಪೆಟ್ಟಿಗೆಯೊಳಗೆ ಇರುತ್ತದೆ, ರಾಮದಾಸ್ ಪದರ ಅದರ ಕೆಳಗೇ ಉಳಿದುಬಿಡುತ್ತದೆ. ಖಡಕವಾಸ್ಲಾ ಅಣೆಕಟ್ಟೆಯಿಂದ ಸಂಗಮದವರೆಗಿನ ಕಣಿವೆಯುದ್ದಕ್ಕೂ ಗೇಣು, ಮೊಳ, ಆಳೆತ್ತರಗಳಲ್ಲಿ ತಾಪ-ತೇವ ಅಳೆಯುವ ಸರಳ ಕಂಬಗಳ ಸಾಲೊಂದನ್ನು ನೆಡಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯೂ ಸಂಸ್ಥೆಗಳೂ ಶಿವಾಜಿನಗರದಲ್ಲಿ, ಐಐಟಿಎಂ ಇರುವ ಪಾಷಾಣ್‌ನಲ್ಲಿ ಇದ್ದೇ ಇವೆ.