ಬೋರ್ ಹೆಸರಿನ ವೃತ್ತಗಳು: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ತರಗತಿಯಿಂದ ಪರಮಾಣು ಚಿತ್ರದ ಇತಿಹಾಸದತ್ತ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದರೂ ಶಿಕ್ಷಣ ಇಲಾಖೆಯ ಪಾಲಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬ ಬೇರೆ ಘಟಕ. ಇಲ್ಲಿನ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳು 'ಪರಮಾಣುವಿನ ರಚನೆ' ಪಾಠಕ್ಕೆ ಬಂದಾಗ ಒಂದರೊಳಗೊಂದು ವೃತ್ತ ಗೀರಲು ತೊಡಗುತ್ತಾರೆ. ಕೈವಾರ ಇದ್ದವರು ಕೈವಾರ ಹಿಡಿಯುತ್ತಾರೆ, ಇಲ್ಲದವರು ನಾಣ್ಯ, ಬಳೆ, ಬಾಟಲಿ ಮುಚ್ಚಳ ಇಟ್ಟು ಗೆರೆ ಎಳೆಯುತ್ತಾರೆ. ನಡುವೆ ನ್ಯೂಕ್ಲಿಯಸ್, ಸುತ್ತ ಕೆ, ಎಲ್, ಎಂ ಕವಚಗಳು, ಅವುಗಳ ಮೇಲೆ ಚುಕ್ಕಿಗಳು. ಸೋಡಿಯಂ ಎಂದರೆ 2, 8, 1. ಕ್ಲೋರಿನ್ ಎಂದರೆ 2, 8, 7. ಈ ಚಿತ್ರಕ್ಕೆ ಶಿಕ್ಷಕರೂ ಗೈಡುಗಳೂ ಕೊಡುವ ಹೆಸರು 'ಬೋರ್ ಮಾದರಿ'.

ಈ ಚಿತ್ರವನ್ನು ಬೋರ್ ಒಬ್ಬನ ಹೆಸರಿಗೆ ಬರೆದರೆ ಇತಿಹಾಸ ದಾರಿ ತಪ್ಪುತ್ತದೆ ಎಂಬುದು ಈ ಲೇಖನದ ವಾದ. ಚಿತ್ರದ ಮುಖ್ಯ ಭಾಗಗಳಲ್ಲಿ ಹಲವು ರಸಾಯನ ಪಾಠ ಹೇಳುತ್ತಿದ್ದವರ, ವೇಲೆನ್ಸಿಯ ಲೆಕ್ಕ ಹೊಂದಿಸಲು ಹೆಣಗುತ್ತಿದ್ದವರ ಕೈಯಿಂದ ಬಂದವು. ಅದನ್ನು ಲೆಕ್ಕದ ಚಿತ್ರವೆಂದು ಓದಿದಾಗ ಅದರ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ.

ನೀಲ್ಸ್ ಬೋರ್ 1913ರಲ್ಲಿ 'ಫಿಲಸಾಫಿಕಲ್ ಮ್ಯಾಗಜೀನ್' ಪತ್ರಿಕೆಯಲ್ಲಿ ಮೂರು ಭಾಗಗಳ ಪ್ರಬಂಧ ಪ್ರಕಟಿಸಿದ. ಅದಕ್ಕೆ ಎರಡು ವರ್ಷ ಮೊದಲು ರುದರ್‌ಫರ್ಡ್ ಪರಮಾಣುವಿನ ನಡುವೆ ಪುಟ್ಟದೊಂದು ಭಾರವಾದ ನ್ಯೂಕ್ಲಿಯಸ್ ಇದೆಯೆಂದು ತೋರಿಸಿದ್ದ. ಬೋರ್ ಮೊದಲ ಭಾಗದಲ್ಲಿ ಹೈಡ್ರೋಜನ್ನಿನ ರೋಹಿತ ರೇಖೆಗಳನ್ನು ವಿವರಿಸಿದ, ಅವನ ಕೀರ್ತಿ ನಿಂತಿರುವುದು ಅದರ ಮೇಲೆ. ಎರಡನೆಯ ಭಾಗದಲ್ಲಿ ಉಳಿದ ಧಾತುಗಳ ಎಲೆಕ್ಟ್ರಾನುಗಳನ್ನು ಉಂಗುರಗಳಲ್ಲಿ ಹಂಚಿ ಒಂದು ಪಟ್ಟಿ ಕೊಟ್ಟಿದ್ದಾನೆ. ಇಂದಿನ ವಿದ್ಯಾರ್ಥಿ ಆ ಪಟ್ಟಿ ನೋಡಿದರೆ ಬೆರಗಾಗುತ್ತಾನೆ. ನೈಟ್ರೋಜನ್ 4, 3. ಆಕ್ಸಿಜನ್ 4, 2, 2. ಫ್ಲೋರಿನ್ 4, 4, 1. ನಿಯಾನ್ 8, 2, ಅಂದರೆ ಎಂಟು ಎಲೆಕ್ಟ್ರಾನುಗಳು ಒಳ ಉಂಗುರದಲ್ಲಿ! ನಮ್ಮ ಪರೀಕ್ಷೆಯಲ್ಲಿ ಬೋರ್‌ನೇ ಕುಳಿತು ಹೀಗೆ ಬರೆದಿದ್ದರೆ ಅಂಕ ಸಿಗುತ್ತಿರಲಿಲ್ಲ.

ಆ ಸಂಖ್ಯೆಗಳು ಹಾಗೇಕೆ ಬಂದವು ಎಂಬುದನ್ನು ಗಮನಿಸಬೇಕು. ನೈಟ್ರೋಜನ್ನಿನ ಹೊರ ಉಂಗುರದಲ್ಲಿ 3, ಆಕ್ಸಿಜನ್ನಿಗೆ 2, ಫ್ಲೋರಿನ್ನಿಗೆ 1. ಇವು ಆ ಧಾತುಗಳ ವೇಲೆನ್ಸಿಗಳೇ. ಲೆಕ್ಕ ಬಗೆಹರಿಯದ ಕಡೆ ಬೋರ್ ರಸಾಯನವಿಜ್ಞಾನದ ಅನುಭವವನ್ನು ಒಳಗೆ ಬಿಟ್ಟುಕೊಂಡಿದ್ದ. ಭೌತವಿಜ್ಞಾನದಿಂದ ನೇರವಾಗಿ ಇಳಿದು ಬಂದ ಚಿತ್ರ ಎಂದು ನಾವು ಭಾವಿಸಿರುವುದರ ಬುಡದಲ್ಲೇ ಹೀಗೆ ರಸಾಯನಜ್ಞರ ಸಾಲವಿದೆ.

ಚುಕ್ಕಿಗಳ ಕಥೆ ಇನ್ನೂ ಹಿಂದಿನದು, ಅದು ಹುಟ್ಟಿದ್ದೇ ತರಗತಿಯಲ್ಲಿ. 1902ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭಿಕ ರಸಾಯನ ಪಾಠ ಹೇಳುತ್ತಿದ್ದ ಗಿಲ್ಬರ್ಟ್ ಲೂಯಿಸ್, ಆವರ್ತ ನಿಯಮವನ್ನು ವಿದ್ಯಾರ್ಥಿಗಳಿಗೆ ತಿಳಿಸಿ ಹೇಳಲು ಘನಾಕಾರದ ಪರಮಾಣುವನ್ನು ಕಲ್ಪಿಸಿಕೊಂಡ. ಘನದ ಎಂಟು ಮೂಲೆಗಳಲ್ಲಿ ಎಂಟು ಎಲೆಕ್ಟ್ರಾನುಗಳ ಜಾಗ, ಎಲ್ಲ ಮೂಲೆ ತುಂಬಿದರೆ ಪರಮಾಣು ತೃಪ್ತ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅವನು ಗೀಚಿಟ್ಟುಕೊಂಡ ಹಾಳೆ ಉಳಿದಿದೆ, 1923ರ ತನ್ನ ಪುಸ್ತಕದಲ್ಲಿ ಅವನೇ ಅದನ್ನು ಅಚ್ಚು ಹಾಕಿಸಿದ. ಆ ಹಾಳೆ ಗೀಚಿದಾಗ ನ್ಯೂಕ್ಲಿಯಸ್ ಇನ್ನೂ ಯಾರಿಗೂ ಗೊತ್ತಿರಲಿಲ್ಲ, ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿ ಐದು ವರ್ಷವಾಗಿತ್ತಷ್ಟೆ. 1916ರಲ್ಲಿ ಲೂಯಿಸ್ ತನ್ನ ವಿಚಾರವನ್ನು ಪ್ರಕಟಿಸಿದಾಗ ಘನದ ಜೊತೆಗೆ ಧಾತುವಿನ ಸಂಕೇತದ ಸುತ್ತ ಜೋಡಿ ಚುಕ್ಕಿ ಇಡುವ ಪದ್ಧತಿಯೂ ಬಂತು. ಘನ ಮರೆಯಾಯಿತು, ಚುಕ್ಕಿ ಉಳಿಯಿತು. ಹತ್ತನೇ ತರಗತಿಯಲ್ಲಿ ಮೀಥೇನಿನ ಎಲೆಕ್ಟ್ರಾನ್ ಚುಕ್ಕಿ ರಚನೆ ಬರೆಯುವಾಗ ನಮ್ಮ ಮಕ್ಕಳು ಅನುಸರಿಸುವುದು ಅದನ್ನೇ. ಅದೇ 1916ರಲ್ಲಿ ಜರ್ಮನಿಯ ವಾಲ್ಟರ್ ಕಾಸೆಲ್ ಎಲೆಕ್ಟ್ರಾನುಗಳನ್ನು ಏಕಕೇಂದ್ರ ವೃತ್ತಗಳಲ್ಲಿಟ್ಟು, ಒಂದು ಪರಮಾಣು ಕೊಟ್ಟು ಇನ್ನೊಂದು ಪಡೆದು ಲವಣ ಉಂಟಾಗುವುದನ್ನು ವಿವರಿಸಿದ. ಸೋಡಿಯಂ ಕ್ಲೋರೈಡಿಗೆ ನಮ್ಮ ಶಿಕ್ಷಕರು ಬೋರ್ಡಿನ ಮೇಲೆ ಎಳೆಯುವ ಬಾಣದ ಗುರುತಿನ ಹಿಂದೆ ಕಾಸೆಲ್ ಇದ್ದಾನೆ.

ಇನ್ನು ಪಠ್ಯಪುಸ್ತಕದ ನಿಯಮಗಳು. ರಾಜ್ಯಕ್ಕೆ ಬಂದ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಎಲೆಕ್ಟ್ರಾನುಗಳ ಹಂಚಿಕೆಯನ್ನು ಸೂಚಿಸಿದವರು ಬೋರ್ ಮತ್ತು ಬರಿ ಎಂದಿದೆ. ಬೋರ್ ಯಾರೆಂದು ಮಕ್ಕಳಿಗೆ ಗೊತ್ತು. ಬರಿ ಯಾರು? ಚಾರ್ಲ್ಸ್ ಬರಿ ವೇಲ್ಸ್ ನಾಡಿನ ಅಬೆರಿಸ್ಟ್ವಿತ್ ಊರಿನ ಕಾಲೇಜಿನಲ್ಲಿದ್ದ ರಸಾಯನಜ್ಞ. 1919ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಮಂಡಿಸಿದ್ದ ಹಂಚಿಕೆಯನ್ನು ತಿದ್ದಿ 1921ರಲ್ಲಿ ಪುಟ್ಟ ಪ್ರಬಂಧ ಬರೆದ. ಕವಚಗಳ ಗರಿಷ್ಠ ಮಿತಿ 2, 8, 18, 32, ಆದರೆ ಅತಿ ಹೊರಗಿನ ಕವಚದಲ್ಲಿ ಎಂಟಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಅದರಲ್ಲಿ ವಾದಿಸಿದ. ಪೊಟ್ಯಾಸಿಯಂ ಬರೆಯುವಾಗ ಜಾಣ ಮಕ್ಕಳೂ ಎಡವುವುದು ಇಲ್ಲಿಯೇ. ಮೂರನೆಯ ಕವಚಕ್ಕೆ 18ರ ಅವಕಾಶ ಇದ್ದ ಮೇಲೆ 2, 8, 9 ಎಂದೇಕೆ ಬರೆಯಬಾರದು, 2, 8, 8, 1 ಏಕೆ? ಉತ್ತರ ಬರಿಯ ಆ ನಿಯಮದಲ್ಲಿದೆ. ಹೀಗೆಯೇ ತರ್ಕ ಮುಂದುವರಿಸಿ, ಇನ್ನೂ ಪತ್ತೆಯಾಗದ 72ನೆಯ ಧಾತು ಜಿರ್ಕೋನಿಯಂನ ಬಂಧುವಾಗಬೇಕೆಂದೂ ಅವನು ಸೂಚಿಸಿದ್ದ. 1923ರ ಆರಂಭದಲ್ಲಿ ಕೋಪನ್‌ಹೇಗನ್ನಿನಲ್ಲಿ ಹ್ಯಾಫ್ನಿಯಂ ಸಿಕ್ಕಿತು, ಅದೂ ಜಿರ್ಕೋನಿಯಂ ಅದಿರಿನಲ್ಲಿ. ಅದಕ್ಕೆ ಬಂದ ಹೊಗಳಿಕೆಯಲ್ಲಿ ಹೆಚ್ಚಿನ ಪಾಲು ಬೋರ್‌ಗೆ ಹೋಯಿತು. ಪಠ್ಯದ ಒಂದು ಸಾಲಿನಲ್ಲಾದರೂ ಬರಿಯ ಹೆಸರು ಉಳಿದಿರುವುದು ಸಮಾಧಾನ.

ಕವಚಗಳ ಎಣಿಕೆ ಎ ಅಕ್ಷರದಿಂದ ಶುರುವಾಗದೆ ಕೆ ಅಕ್ಷರದಿಂದ ಏಕೆ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಚಾರ್ಲ್ಸ್ ಬಾರ್ಕ್ಲಾ ಎಕ್ಸ್-ಕಿರಣಗಳ ಎರಡು ಗುಂಪುಗಳಿಗೆ ಮೊದಲು ಎ, ಬಿ ಎಂದೇ ಹೆಸರಿಟ್ಟಿದ್ದ. ಅವಕ್ಕಿಂತ ಮೊದಲಿನ ಗುಂಪುಗಳೂ ಮುಂದೆ ಸಿಗಬಹುದೆಂದು 1911ರ ಸುಮಾರಿಗೆ ವರ್ಣಮಾಲೆಯ ನಡುವಿನ ಕೆ, ಎಲ್‌ಗೆ ಬದಲಾಯಿಸಿದ. ಮೊದಲಿನವು ಸಿಗಲಿಲ್ಲ. ಮುಂದೆ ಕವಚಗಳೂ ಅವೇ ಅಕ್ಷರಗಳಿಂದ ಕರೆಸಿಕೊಂಡವು.

1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಭೌತವಿಜ್ಞಾನಿಗಳು ವೃತ್ತಪಥಗಳನ್ನು ಕೈಬಿಟ್ಟು ಎಲೆಕ್ಟ್ರಾನನ್ನು ಸಂಭಾವ್ಯತೆಯ ಮೋಡವಾಗಿ ಕಾಣತೊಡಗಿದರು. ಶಾಲೆ ಬಿಡಲಿಲ್ಲ. ಅದಕ್ಕೆ ಶಿಕ್ಷಕರನ್ನು ದೂರುವುದು ಸರಿಯಲ್ಲ. ಮೊದಲ ಹದಿನೆಂಟು ಧಾತುಗಳ ಸಂಯೋಗವನ್ನು ಊಹಿಸಲು ಈ ವೃತ್ತಗಳು ಸಾಕು, ಸಂಭಾವ್ಯತೆಯ ಮೋಡವನ್ನು ಬಳೆ ಇಟ್ಟು ಗೀರಲಾಗದು.

ಕನ್ನಡದಲ್ಲಿ ಈ ಕಥೆಯನ್ನು ಹೇಳಬಲ್ಲ ನೆಲ ಮೊದಲೇ ಹದವಾಗಿತ್ತು. ತುಮಕೂರು ತಾಲ್ಲೂಕಿನ ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918-19ರಲ್ಲಿ 'ವಿಜ್ಞಾನ' ಮಾಸಪತ್ರಿಕೆ ನಡೆಸಿದರು. ಲ್ಯಾಂಗ್‌ಮ್ಯೂರ್ ಎಲೆಕ್ಟ್ರಾನುಗಳನ್ನು ಹಂಚುತ್ತಿದ್ದ ಕಾಲವೇ ಅದು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ವೆಂಕಟನಾರಣಪ್ಪನವರು ಪಂಪಭಾರತವನ್ನೂ ಸಂಪಾದಿಸಿದವರು. ಮುಂದೆ ಶಿವರಾಮ ಕಾರಂತರ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬಂತು. ಪರಮಾಣುವಿನ ವಿಷಯಕ್ಕೆ ಹೆಚ್ಚು ಹತ್ತಿರದವರು ಜೆ.ಆರ್. ಲಕ್ಷ್ಮಣರಾಯರು. ಮೈಸೂರಿನಲ್ಲಿ ರಸಾಯನವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅವರು 'ಪರಮಾಣು ಚರಿತ್ರೆ' ಬರೆದರು, 'ಬಾಲವಿಜ್ಞಾನ' ಪತ್ರಿಕೆಯನ್ನು ಸಂಪಾದಿಸಿದರು. ರಸಾಯನಜ್ಞರೊಬ್ಬರು ಪರಮಾಣುವನ್ನು ಚರಿತ್ರೆಯಾಗಿ ಬರೆಯಲು ಹೊರಟದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಪಠ್ಯಪುಸ್ತಕ ಫಲಿತಾಂಶವನ್ನಷ್ಟೇ ಕೊಡುತ್ತದೆ, ಅದರ ಪಕ್ಕದಲ್ಲಿ ಇಂಥ ಪುಸ್ತಕವೊಂದು ಶಾಲೆಯ ಬೀರುವಿನಲ್ಲಿರಬೇಕು.

ಈ ನಾಲ್ಕು ತಾಲ್ಲೂಕುಗಳಿಗೆ ಮರಳೋಣ. ಪಾವಗಡದ ಸುತ್ತಮುತ್ತ ಬಹುಪಾಲು ಆಂಧ್ರದ ಗಡಿ, ಅಲ್ಲಿನ ಎಷ್ಟೋ ಮಕ್ಕಳಿಗೆ ಮನೆಮಾತು ತೆಲುಗು. ಶಿರಾದಲ್ಲಿ ಉರ್ದು ಮಾತಾಡುವ ಮನೆಗಳೂ ಸಾಕಷ್ಟಿವೆ. ಕನ್ನಡದ ಉದ್ದನೆಯ ವಿವರಣೆಯಲ್ಲಿ ತಡವರಿಸುವ ಮಗುವೂ 2, 8, 7 ಎಂದು ಬರೆದು ಒಂದು ಚುಕ್ಕಿ ಕಡಿಮೆಯಿರುವ ಜಾಗಕ್ಕೆ ಬೆರಳಿಡಬಲ್ಲದು. ಚಿತ್ರದ ಪರವಾಗಿ ಇದಕ್ಕಿಂತ ಬಲವಾದ ಮಾತು ಬೇಕಿಲ್ಲ.

ಇದೇ ನಾಡಿನಲ್ಲಿ ಚಿತ್ರಕ್ಕೆ ಕಠಿಣ ಪರೀಕ್ಷೆಯೂ ಇದೆ: ಫ್ಲೋರಿನ್. ರಾಮನಗರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟ್ ಶಿಲಾಪಟ್ಟಿ ಮಧುಗಿರಿ, ಪಾವಗಡದ ಬೆಟ್ಟಗಳಲ್ಲಿ ಎದ್ದು ಕಾಣುತ್ತದೆ. ಗ್ರಾನೈಟಿನ ಬಯೊಟೈಟ್, ಅಪಟೈಟ್ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮಳೆ ಕಡಿಮೆಯಾಗಿ ಕೊಳವೆಬಾವಿ ಆಳಕ್ಕಿಳಿದಂತೆ ಅದು ನೀರಿಗೆ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದ ನೀರನ್ನು ಎಳವೆಯಲ್ಲಿ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆಗಳು ಬೀಳುತ್ತವೆ, ಮುಂದೆ ಮೂಳೆಗೂ ತೊಂದರೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಪಾವಗಡದ ಮಗು ಫ್ಲೋರಿನ್ನಿನ ಚಿತ್ರ ಬರೆಯುತ್ತದೆ: 2, 7. ಒಂದು ಎಲೆಕ್ಟ್ರಾನ್ ಪಡೆದರೆ 2, 8, ಫ್ಲೋರೈಡ್ ಅಯಾನು. ನೀರಿನಲ್ಲಿರುವುದು ಅನಿಲ ಫ್ಲೋರಿನ್ ಅಲ್ಲ, ಈ ಅಯಾನು ಎಂಬ ಮಹತ್ವದ ಸಂಗತಿ ಚಿತ್ರದಿಂದಲೇ ತಿಳಿಯುತ್ತದೆ. ಹಲ್ಲಿನ ವಿಷಯಕ್ಕೆ ಬಂದರೆ ಚಿತ್ರ ಅರ್ಧ ದಾರಿಗೆ ನಿಲ್ಲುತ್ತದೆ. ಹಲ್ಲು ಮೂಳೆಗಳ ಖನಿಜವಾದ ಹೈಡ್ರಾಕ್ಸಿಅಪಟೈಟಿನಲ್ಲಿ ಹೈಡ್ರಾಕ್ಸೈಡ್ ಅಯಾನಿನ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಎರಡರ ಆವೇಶವೂ ಒಂದೇ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಆವೇಶವನ್ನು ಚಿತ್ರ ಹೇಳುತ್ತದೆ, ಗಾತ್ರವನ್ನು ಹೇಳುವುದಿಲ್ಲ. ಎಲೆಕ್ಟ್ರಾನ್ ಪಡೆದ ಫ್ಲೋರೈಡಿನ ಗಾತ್ರ ಫ್ಲೋರಿನ್ ಪರಮಾಣುವಿನದಕ್ಕಿಂತ ಬಹಳ ಹಿಗ್ಗುತ್ತದೆ, ನೋಟ್‌ಬುಕ್ಕಿನಲ್ಲಿ ಮಾತ್ರ ಎರಡಕ್ಕೂ ಅದೇ ಬಳೆ.

ಚಿತ್ರ ಸುಳ್ಳೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಅದು ಜಮಾಖರ್ಚಿನ ಪುಸ್ತಕದಂತೆ: ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ನಿಖರವಾಗಿ ತೋರಿಸುತ್ತದೆ, ಅಂಗಡಿ ಎಷ್ಟು ದೊಡ್ಡದು ಎಂಬುದನ್ನು ತೋರಿಸುವುದಿಲ್ಲ. ಪಾವಗಡದ ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಸೌರ ಪಾರ್ಕಿನ ಫಲಕಗಳಿಗೂ ಇದೇ ಅನ್ವಯಿಸುತ್ತದೆ. ಸಿಲಿಕಾನ್ 2, 8, 4. ಅದಕ್ಕೆ ರಂಜಕ 2, 8, 5 ಸೇರಿಸಿದರೆ ಒಂದು ಎಲೆಕ್ಟ್ರಾನ್ ಹೆಚ್ಚು, ಬೋರಾನ್ 2, 3 ಸೇರಿಸಿದರೆ ಒಂದು ಕಡಿಮೆ. ಇಷ್ಟನ್ನು ವೃತ್ತಗಳು ಸರಿಯಾಗಿ ಲೆಕ್ಕವಿಡುತ್ತವೆ. ಬಿಸಿಲು ಬಿದ್ದಾಗ ಆ ಎಲೆಕ್ಟ್ರಾನುಗಳು ಹೇಗೆ ಹರಿಯುತ್ತವೆ ಎಂಬುದಕ್ಕೆ ಹರಳಿನ ಶಕ್ತಿಪಟ್ಟಿಗಳ ಸಿದ್ಧಾಂತ ಬೇಕು, ಅದು 1926ರ ನಂತರದ ಭೌತವಿಜ್ಞಾನ. ಒಂಬತ್ತನೇ ತರಗತಿಯ ಪಾಠದಲ್ಲಿ ಹದಿನೆಂಟು ಧಾತುಗಳ ಚಿತ್ರದ ಪಕ್ಕ ಬೋರ್‌ನ 1913ರ ಪಟ್ಟಿಯನ್ನೂ ಬರಿಯ 1921ರ ನಿಯಮವನ್ನೂ ಅಚ್ಚು ಹಾಕಿದರೆ ಅರ್ಧ ಪುಟ ಸಾಕಾಗುತ್ತದೆ, ಫ್ಲೋರಿನ್ 4, 4, 1ರಿಂದ 2, 7ಕ್ಕೆ ಏಕೆ ಬದಲಾಯಿತೆಂದು ಮಕ್ಕಳೇ ಕೇಳುತ್ತಾರೆ.