ಮೂರು ರಾಶಿಯ ಲೆಕ್ಕ

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಸಮಾನುಪಾತದ ಪಾಠ ಬಂದಾಗಲೆಲ್ಲ ಪಠ್ಯಪುಸ್ತಕ ಮುಚ್ಚಿಸಿ, ಭಾಸ್ಕರಾಚಾರ್ಯರು 1150ರಲ್ಲಿ ‘ಲೀಲಾವತಿ’ಯಲ್ಲಿ ಕೇಳಿದ ಕೇಸರಿಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಎರಡೂವರೆ ಪಲ ಕೇಸರಿಗೆ 3/7 ನಿಷ್ಕ ಬೆಲೆಯಾದರೆ, 9 ನಿಷ್ಕಕ್ಕೆ ಎಷ್ಟು ಕೇಸರಿ?

ಪ್ರಶ್ನೆಯಲ್ಲಿ ಪಲ ಮೊದಲು ಬಂದಿದೆಯೆಂದು ಅದನ್ನೇ ಮೊದಲು ಬರೆದುಕೊಂಡರೆ ಲೆಕ್ಕ ಕೆಟ್ಟಿತು. ಬಲ್ಲವರು ಮಾಡುತ್ತಿದ್ದ ಮೊದಲ ಕೆಲಸ ಯಾವುದು ಯಾವುದರ ಜೊತೆಯದು ಎಂದು ಗುರುತಿಸುವುದು. ಗೊತ್ತಿರುವ ಹಣ ಪ್ರಮಾಣ, ಅದಕ್ಕೆ ಸಿಕ್ಕ ಕೇಸರಿ ಫಲ, ನಮ್ಮ ಕೈಯಲ್ಲಿರುವ ಹಣ ಇಚ್ಛೆ. ಹಣ ಎರಡೂ ತುದಿಗೆ, ಕೇಸರಿ ನಡುವೆ. ನಡುವಿನದನ್ನು ಕೊನೆಯದರಿಂದ ಗುಣಿಸಿ ಮೊದಲಿನದರಿಂದ ಭಾಗಿಸಿದರೆ ಐವತ್ತೆರಡೂವರೆ ಪಲ. ಇದೇ ತ್ರೈರಾಶಿಕ. ಆರ್ಯಭಟ 499ರಲ್ಲಿ ಇದನ್ನು ಸೂತ್ರವಾಗಿ ಹೇಳಿದ. 628ರಲ್ಲಿ ಬ್ರಹ್ಮಗುಪ್ತ ಐದು, ಏಳು, ಒಂಬತ್ತು, ಹನ್ನೊಂದು ರಾಶಿಗಳವರೆಗೂ ಬೆಳೆಸಿದ. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟ.

ಈಗಿನ ಶಾಲೆಗಳಲ್ಲಿ ಮೊದಲು ಒಂದರ ಬೆಲೆ ಕಂಡುಹಿಡಿಯಿರಿ ಎನ್ನುತ್ತೇವೆ. ಅರ್ಥವಾಗಲಿಕ್ಕೆ ಅದು ಸುಲಭ, ಒಪ್ಪುತ್ತೇನೆ. ಆದರೆ 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬರುವ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 7 ಸೇರು ರಾಗಿಗೆ 5 ಆಣೆಯಾದರೆ 21 ಸೇರಿಗೆಷ್ಟು? ಒಂದು ಸೇರಿನ ಬೆಲೆ ಹುಡುಕಹೊರಟರೆ ಎಂಟು ಪೈ, ಮೇಲೆ ಏಳರಲ್ಲಿ ನಾಲ್ಕು ಪಾಲು! ತ್ರೈರಾಶಿಕದಲ್ಲಿ ಐದನ್ನು ಇಪ್ಪತ್ತೊಂದರಿಂದ ಗುಣಿಸಿ ನೂರ ಐದು, ಏಳರಿಂದ ಭಾಗಿಸಿ ಹದಿನೈದು ಆಣೆ. ಭಾಗಾಕಾರವನ್ನು ಕೊನೆಗೆ ಇಟ್ಟುಕೊಂಡ ಜಾಣತನಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಇನ್ನೂ ದೊಡ್ಡ ಮಾತು ಬೇರೆ ಇದೆ. ‘ಲೀಲಾವತಿ’ಯದೇ ಇನ್ನೊಂದು ಲೆಕ್ಕದಲ್ಲಿ, ಧಾನ್ಯದ ರಾಶಿಯನ್ನು 7 ಆಢಕ ಹಿಡಿಯುವ ಮಾನದಿಂದ ಅಳೆದಾಗ 100 ಮಾನ ಬಂತು, 5 ಆಢಕದ ಮಾನದಿಂದ ಅಳೆದರೆ? ಹಿಂದಿನ ಸೂತ್ರವನ್ನೇ ಹಾಕಿದರೆ ಎಪ್ಪತ್ತೊಂದು ಚಿಲ್ಲರೆ. ಮಾನ ಚಿಕ್ಕದಾದರೆ ಎಣಿಕೆ ಹೆಚ್ಚಬೇಕಲ್ಲವೇ? ಸರಿಯುತ್ತರ 140. ಇಲ್ಲಿ ಮೊದಲಿನದರಿಂದ ಗುಣಿಸಿ ಕೊನೆಯದರಿಂದ ಭಾಗಿಸಬೇಕು. ಇದು ವ್ಯಸ್ತ ತ್ರೈರಾಶಿಕ. ಮಕ್ಕಳು ಪೆನ್ನು ಎತ್ತುವ ಮೊದಲು ‘ಉತ್ತರ ಹೆಚ್ಚುತ್ತದೋ, ತಗ್ಗುತ್ತದೋ?’ ಎಂದು ನಾನು ಕೇಳುತ್ತಿದ್ದದ್ದು ಇದಕ್ಕಾಗಿ. ಅಳತೆಯ ಪಾತ್ರೆ ಬದಲಾದರೆ ಕಣಜದ ಲೆಕ್ಕವೇ ಬದಲಾಗುತ್ತಿದ್ದ ಕಾಲದಲ್ಲಿ ಈ ವಿವೇಕವಿಲ್ಲದವನು ಮೋಸಹೋಗುವುದು ಖಂಡಿತ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದಾಗ ಸಹಜ, ವ್ಯಸ್ತ ಎಂಬ ಈ ಎರಡೂ ತ್ರೈರಾಶಿಗಳನ್ನು ಕನ್ನಡದಲ್ಲೇ ಹೇಳಿದ. ಸಂಸ್ಕೃತ ಬಾರದ ಸಂತೆಯ ವ್ಯಾಪಾರಿಗೂ ಕಿವಿಯಲ್ಲಿ ಕೇಳಿ ಕಲಿಯುವ ದಾರಿಯೊಂದು ಹಾಗೆ ತೆರೆಯಿತು.